ಮಂಚಕ್ಕೆ ಕೇಳಿಸುವಂತೆ ಹೇಳಿದ ಪಾಠ

ಆ ಬೀದಿಯಲ್ಲಿ ಯಾರ ಹೊಲಿಗೆ ಮಷಿನ್ ಕೈಕೊಟ್ಟರೂ ಬರುತ್ತಿದ್ದುದು ಅವಳ ಅಂಗಡಿಗೇ. ರಿಪೇರಿ ಕೆಲಸ ಅಪ್ಪನದು, ಆದರೆ ಅಪ್ಪ ಕಲಿಸಿದ್ದಲ್ಲ. ಕದ್ದು ನೋಡಿ ಕಲಿತದ್ದು. ಏಳು ವರ್ಷದವಳಿದ್ದಾಗ, "ಕೆಳಗಿನ ದಾರ ಮೇಲಕ್ಕೆ ಹೇಗಪ್ಪ ಬರತ್ತೆ?" ಎಂದು ಕೇಳಿದ್ದಕ್ಕೆ ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ಅವಳ ಬೆರಳ ಗೆಣ್ಣಿನ ಮೇಲೆ ಬಾರಿಸಿದ್ದ. "ತಲೆ ತಿನ್ಬೇಡ, ಹೋಗು!" ಆಮೇಲೆ ಅವಳು ಶಾಲೆಯಲ್ಲೂ ಬಾಯಿ ಬಿಡಲಿಲ್ಲ. ಐದನೇ ತರಗತಿಗೇ ಓದು ನಿಂತಿತು.

ಈಗ ಅಪ್ಪ ಸೊಂಟ ಮುರಿದುಕೊಂಡು ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ ಹಿಡಿದಿದ್ದ. ಸೇಡಿಗೆ ಇದಕ್ಕಿಂತ ಒಳ್ಳೆಯ ಕಾಲ ಅವಳಿಗೆ ಬೇಕಿರಲಿಲ್ಲ. ಬೈಯಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಸಂಜೆ ಶಾಲೆಯಿಂದ ಬಂದ ತನ್ನ ಪುಟ್ಟ ಮಗಳನ್ನು ಮಂಚದ ಪಕ್ಕದಲ್ಲೇ ಕೂರಿಸಿಕೊಂಡು, "ಏನ್ ಬೇಕಾದ್ರೂ ಕೇಳು ಪುಟ್ಟಿ. ಇಲ್ಲಿ ಕೇಳಿದ್ರೆ ಯಾರೂ ಹೊಡೆಯಲ್ಲ" ಎಂದು ಗಂಟಲೆತ್ತಿ ಹೇಳುತ್ತಿದ್ದಳು. ಮಷಿನಿನ ತಳ ಬಿಚ್ಚಿ, ಚಕ್ರವನ್ನು ಮೆಲ್ಲಗೆ ತಿರುಗಿಸಿ, ಮೇಲಿನ ದಾರ ಬಾಬಿನ್ ಎಂಬ ಪುಟ್ಟ ಉರುಳೆಯನ್ನು ಸುತ್ತಿ ಅದರಲ್ಲಿನ ಕೆಳಗಿನ ದಾರವನ್ನು ಎಳೆದು ತರುವುದನ್ನು ತೋರಿಸಿದಳು. ಅಪ್ಪ ಗೋಡೆಗೆ ಮುಖ ಮಾಡಿದ. ಅವಳಿಗೆ ಹೊಟ್ಟೆ ತಣ್ಣಗಾಯಿತು.

ಒಂದು ದಿನ ಮಗಳು ಸೀದಾ ಮುದುಕನನ್ನೇ ಕೇಳಿದಳು: "ತಾತ, ಆಯಸ್ಕಾಂತ ಸೂಜಿನ ಎಳೆಯತ್ತೆ, ದಾರಾನ ಯಾಕೆ ಎಳೆಯಲ್ಲ?"

"ನಂಗೊತ್ತಿಲ್ಲ ಮಗು."

ತಾಯಿ ಕೈಲಿದ್ದುದನ್ನು ಬಿಟ್ಟು ಎದ್ದು ಬಂದಳು. "ಏನಂದೆ? ಇನ್ನೊಂದ್ಸಲ ಹೇಳಪ್ಪ."

"ಗೊತ್ತಿಲ್ಲ."

"ಜೋರಾಗಿ! ಅವತ್ತು ನಂಗೂ ಇಷ್ಟೇ ಹೇಳಿದ್ರೆ ಸಾಕಾಗಿತ್ತಲ್ಲ?"

ಮುದುಕ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ. ಆದರೂ ಮೂರನೇ ಸಲ ಹೇಳಿಸಿಯೇ ಬಿಟ್ಟಳು.

ಮರುದಿನ ಮಗ್ಗಿ ಕೇಳಿದರೆ ಮಗಳು ಬಾಯಿಗೆ ಬಂದ ಅಂಕಿಗಳನ್ನೆಲ್ಲ ಒದರಿದಳು.

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನೇ."

"ಅಂದ್ರೆ ನಂಗೂ ತಾತಂಗೆ ಮಾಡ್ದಂಗೆ ಮಾಡ್ತೀಯ."

ಅವಳು ಮಗ್ಗಿ ಪುಸ್ತಕ ಮುಚ್ಚಿಟ್ಟಳು. ಆವತ್ತಿನಿಂದ ಪಾಠ ಮಂಚದ ಪಕ್ಕದಿಂದ ಮುಂಭಾಗದ ಅಂಗಡಿಗೆ ಬಂತು. "ಅದು ನಂಗೂ ಗೊತ್ತಿಲ್ಲ ಕಣೇ, ನಿಮ್ಮ ಟೀಚರ್‌ನ ಕೇಳ್ಕೊಂಡು ಬಂದು ನಂಗೂ ಹೇಳ್ಕೊಡು" ಎನ್ನುವುದನ್ನು ಕಷ್ಟಪಟ್ಟು ರೂಢಿ ಮಾಡಿಕೊಂಡಳು. ಮಗಳ ನಾಲಿಗೆ ನಿಧಾನಕ್ಕೆ ಮತ್ತೆ ಸಡಿಲವಾಯಿತು.

ಅಪ್ಪನನ್ನು ಮಾತ್ರ ಕ್ಷಮಿಸಲಿಲ್ಲ. ತಟ್ಟೆ ಇಡುವಳು, ಬೆನ್ನು ತಿರುಗಿಸುವಳು. ಶಾಲೆಯಿಂದ ತಂದ ಉತ್ತರಗಳನ್ನು ಮಗಳು ಓಡಿಹೋಗಿ ತಾತನಿಗೂ ಒಪ್ಪಿಸುತ್ತಿದ್ದಳು, ಅವನು "ಹೌದಾ? ಆಮೇಲೆ?" ಎನ್ನುವುದು ಹೊರಗೆ ಕೇಳಿಸುತ್ತಿತ್ತು. ಅವಳು ತಡೆಯಲಿಲ್ಲ. ಹಲ್ಲು ಕಚ್ಚಿಕೊಂಡು ಸ್ಕ್ರೂ ಬಿಗಿಯುತ್ತಿದ್ದಳು.