ಫ್ಲೆಕ್ಸಿಗೆ ಹಿಡಿಸದ ಬಣ್ಣ

ನಾನು ಕಪ್ಪು. ಎಣ್ಣೆಗಪ್ಪು, ಸಾದಗಪ್ಪು ಎಂದೆಲ್ಲ ಮೆತ್ತಗೆ ಹೇಳುವವರಿದ್ದಾರೆ. ಆ ಉಪಕಾರ ನನಗೆ ಬೇಡ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಹಳೆಯ ವಿದ್ಯಾರ್ಥಿನಿಯರು ಸನ್ಮಾನ ಇಟ್ಟುಕೊಂಡಾಗ ನಾನು ಕೇಳಿದ್ದು ಒಂದೇ: ಬ್ಯಾನರಿನಲ್ಲಿ ನನ್ನ ಮುಖ ನನ್ನ ಬಣ್ಣದಲ್ಲೇ ಇರಬೇಕು.

ಕಾರಣವಿತ್ತು. ಮದುವೆಯ ವಯಸ್ಸಿನಲ್ಲಿ ನನ್ನ ಫೋಟೋ ತೆಗೆದ ಸ್ಟುಡಿಯೋದವನು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ನನ್ನನ್ನು ಬೆಳ್ಳಗೆ ಮಾಡಿಕೊಟ್ಟಿದ್ದ. ಅದನ್ನು ನಂಬಿ ನೋಡಲು ಬಂದವರು ನನ್ನನ್ನು ಕಂಡದ್ದೇ ತಡ, ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನೂ ಮುಗಿಸದೆ ಎದ್ದುಹೋದರು. ಆ ಫೋಟೋದ ಹುಡುಗಿಯನ್ನು ಕಂಡರೆ ನನಗೆ ಇಂದಿಗೂ ಆಗದು.

ಈ ಸಲ ಉಣಕಲ್ಲಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಬೆಳಗಿನ ನೆರಳಿನಲ್ಲಿ ತಂಗಿ ಫೋಟೋ ತೆಗೆದಳು. ಹಾಕಿಸಿದ ಪ್ರಿಂಟು ನನ್ನ ಹಾಗೇ ಬಂದಿತ್ತು. ಅದನ್ನು ಹಿಡಿದುಕೊಂಡು, ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ವಿದ್ಯಾರ್ಥಿನಿಯ ಜೊತೆ ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಗೆ ಹೋದೆ. ಅದೇ ಫೋಟೋ ಅವಳ ಫೋನಿನಲ್ಲಿ ಗಜ್ಜರಿಯ ಕಿತ್ತಳೆ ಬಣ್ಣ. ಅಂಗಡಿಯವನ ಸ್ಕ್ರೀನಿನಲ್ಲಿ ನೀಲಿ ಕಲಸಿದ ಸುಣ್ಣ. ಇಬ್ಬರಿಗೂ ತಮ್ಮದೇ ಸರಿ.

"ಪ್ರಿಂಟ್‌ನ್ಯಾಗ ಸ್ವಲ್ಪ ಡಾರ್ಕ್ ಹೊಡೀತೈತ್ರಿ. ಅದಕ್ಕ ಮೊದಲ ಬೆಳ್ಳಗ ಮಾಡಿಬಿಡೂದು," ಎಂದ ಅಂಗಡಿಯವನು.

"ಎಷ್ಟು ಬೆಳ್ಳಗಂತ ಹೆಂಗ ಗೊತ್ತಾಗತೈತಿ?" ಎಂದು ಕೇಳಿದೆ.

"ನೋಡಿದ್ರ ಗೊತ್ತಾಗತೈತ್ರಿ ಅಕ್ಕೋರ."

ಸ್ಕ್ರೀನಿನ ಬೆಳಕನ್ನು ತುದಿಗೇರಿಸಿಕೊಂಡು ಕಣ್ಣು ಕಿರಿದು ಮಾಡಿ ಕೂತವನಿಗೆ ಏನು ಕಂಡೀತು? ಆದರೂ ಮೇಷ್ಟರಿಕೆಯ ಚಟ, ಹೇಳಿಕೊಟ್ಟೆ. "ನನ್ನ ಹಣಿ ಮ್ಯಾಲಿನ ವಿಭೂತಿ ನೋಡಪಾ. ಅದು ಬೂದಿ ಬಣ್ಣ. ನೀಲಿ ಕಂಡ್ರ ನಿನ್ನ ಬಣ್ಣ ತಪ್ಪೈತಿ ಅಂತ ತಿಳಕೋ. ಈ ಪ್ರಿಂಟ್ ಬಾಜೂಕ ಇಟ್ಕೊಂಡು ಸರಿ ಮಾಡು. ಮೊದಲ ಒಂದು ಸಣ್ಣ ತುಂಡು ಹೊಡದು ನೋಡು, ಆಮ್ಯಾಲೆ ದೊಡ್ಡದು." ಅವನು ತಲೆಯಾಡಿಸಿದ. ತಲೆಯಾಡಿಸಲು ತಲೆಯೊಳಗೆ ಏನೂ ಇರಬೇಕಾಗಿಲ್ಲ.

ಸನ್ಮಾನದ ದಿನ ಸಭಾಭವನದೊಳಗೆ ಕಾಲಿಟ್ಟರೆ ವೇದಿಕೆಯ ತುಂಬ ಒಬ್ಬ ಗುಲಾಬಿ ಹೆಂಗಸು. ಸೀರೆ ನನ್ನದು, ಕನ್ನಡಕ ನನ್ನದು. ಹಣೆ ಬೋಳು.

"ವಿಭೂತಿ ಎಲ್ಲೆ?" ಎಂದು ಉಸ್ತುವಾರಿಯವಳನ್ನು ಕೇಳಿದೆ.

"ಎಷ್ಟ ಮಾಡಿದ್ರೂ ನೀಲೀನ ಬರಾಕತ್ತಿತ್ತಂತ್ರಿ, ಅದಕ್ಕ ತಗದಾರ. ಈಗ ಭಾಳ ಛಲೋ ಕಾಣಾಕತ್ತೀರಿ ಅಕ್ಕೋರ."

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಿದ್ದರು. ಇವಳಿಗೆ ನಾನು ಐದು ವರ್ಷ ಬಣ್ಣ ಕಲಿಸಿದ್ದೆ! ಅವಳು ಅತಿಥಿಗಳನ್ನು ಕರೆತರಲು ಬಾಗಿಲಿಗೆ ಓಡಿದಳು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತೆ.

ಅಲ್ಲಿ ಓಡಾಡುತ್ತಿದ್ದ ಹೊಸ ಶಿಕ್ಷಕಿಯೊಬ್ಬಳು ಬಂದು ಬಾಗಿದಳು. ನನ್ನನ್ನು ಹಿಂದೆ ಕಂಡವಳಲ್ಲ. "ಅಜ್ಜೀ, ಸಿಟ್ಟಾಗಬ್ಯಾಡ್ರಿ, ಈ ಕುರ್ಚಿ ಅವರಿಗೆ ಐತ್ರಿ," ಎಂದು ಬ್ಯಾನರಿನ ಕಡೆಗೆ ಕೈ ತೋರಿಸಿದಳು. "ನೀವು ಹಿಂದ ಕುಂದರ್ರಿ."

ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಆ ಬ್ಯಾನರಿನ ಮೇಲೆ. ಎದ್ದು ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕರೆದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆ ಗುಲಾಬಿ ಹೆಂಗಸು ಇಳಿದು ಬಂದು ಶಾಲು ಹೊದ್ದುಕೊಳ್ಳಲಿ ಎಂದು ಕಾಯುತ್ತ.