ತಂಬಾಕಿನ ಡಬ್ಬಿಯ ಬೂದಿ

ನನ್ನ ಮೇಜಿನ ಮೇಲೊಂದು ತಂಬಾಕಿನ ಡಬ್ಬಿ ಇದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ತಗಡಿನದು, ಮುಚ್ಚಳದ ಅಂಚಿಗೆ ತುಕ್ಕು. ಗುಡಗೇರಿಯ ನಮ್ಮ ಕಾಕಾನ ಅಂಗಿಯ ಬಗಲ ಕಿಸೆಯಲ್ಲಿ ಅದು ಇಪ್ಪತ್ತು ವರುಷ ಇತ್ತೆಂದು ಬರೆಯಹೊರಟವನು ಅಲ್ಲಿಗೇ ನಿಲ್ಲುತ್ತೇನೆ. ಇಪ್ಪತ್ತೋ ಹತ್ತೋ, ನನಗೆ ಗೊತ್ತಿಲ್ಲ. ನೆನಪು ನಮ್ಮ ಮನೆಯ ಹಿರಿಯರ ಹಾಗೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಗೊತ್ತಿಲ್ಲವೆನ್ನುವುದು ಅದಕ್ಕೆ ಅಪಮಾನ. ಆದ್ದರಿಂದ, ಗೆಳೆಯರೇ, ಮುಂದೆ ಹೇಳುವುದರಲ್ಲಿ ಬೂದಿಯನ್ನೂ ಸುಳ್ಳನ್ನೂ ಮಾತ್ರ ನಂಬಿರಿ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾಕಾನ ಗಂಟಲಿಗೆ ಗಡ್ಡೆ ಎದ್ದಾಗ, ಕಲಿತವನೆಂಬ ಕಾರಣಕ್ಕೆ ನಾನೇ ಅವನನ್ನೂ ಅವನ ಹೆಂಡತಿ ಕಾಕುವನ್ನೂ ಮುಂಬಯಿಗೆ ಕರೆದೊಯ್ದಿದ್ದೆ. ಆಸ್ಪತ್ರೆಯ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು: ಊರಿಗೆ ಕರೆದುಕೊಂಡು ಹೋಗಿ, ದೀಪಾವಳಿ ಕಂಡರೆ ಹೆಚ್ಚು, ತಂಬಾಕು ಬೇಡಿದರೆ ಕೊಡಿ, ಇನ್ನು ಅದರಿಂದ ಆಗುವ ಕೇಡೇನೂ ಉಳಿದಿಲ್ಲ.

ಹೊರಬಂದು ನಾನು, "ಗುಳಿಗಿ ಕೊಟ್ಟಾರ ಕಾಕು, ಆರಾಮ ಆಗ್ತದಂತ. ತಂಬಾಕ ಮಾತ್ರ ಬಿಡಬೇಕಂತ" ಎಂದೆ. ಪಥ್ಯವಿಲ್ಲದ ಔಷಧವನ್ನು ನಮ್ಮವರು ನಂಬುವುದಿಲ್ಲ. ಸುಳ್ಳು ನಿಲ್ಲಲು ಒಂದು ಪಥ್ಯ ಬೇಕಿತ್ತು. ಕಾಕು ಅಲ್ಲಿಯೇ ತಂಬಾಕನ್ನು ಗಟಾರಕ್ಕೆ ಸುರಿದು ಖಾಲಿ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡಳು.

ರೈಲಿಗೆ ಇನ್ನೂ ಹೊತ್ತಿತ್ತು. ಹತ್ತಿರದಲ್ಲೊಂದು ಬೌದ್ಧ ಗುಡಿ, ಸ್ವಾತಂತ್ರ್ಯಕ್ಕೂ ಹಿಂದಿನದೆಂದು ಯಾರೋ ಹೇಳಿದರು. ನೆರಳಾದರೂ ಸಿಕ್ಕೀತೆಂದು ಹೊಕ್ಕೆವು. ಒಳಗೊಬ್ಬ ಭಿಕ್ಷು ನಗಾರಿ ಬಾರಿಸುತ್ತಿದ್ದ. ಕಾಕಾ ಕಂಬಕ್ಕೊರಗಿ, ಪದ್ಮಾಸನದ ಬುದ್ಧನನ್ನು ಬಹಳ ಹೊತ್ತು ನೋಡಿ, ಹರಿದ ದನಿಯಲ್ಲಿ, "ನೋಡ ಬೇ, ಇವನ್ನೂ ನಮ್ಮವರಂಗ ಕುಂದ್ರಿಸ್ಯಾರ. ಕುಣಿಗಿ ಇಳಿಸೂದೊಂದ ಬಾಕಿ" ಎಂದ. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಹೂಳುವುದು.

"ಸುಮ್ನ ಕುಂದರ್ರಿ. ಗಂಟಲಕ್ಕ ಬ್ಯಾನಿ ಬಂದ್ರೂ ನಾಲಗಿ ನಿಂದ್ರವಲ್ದು ನಿಮ್ಮದು!" ಎಂದು ಕಾಕು ಗದರಿದಳು.

ಬುದ್ಧನ ಮುಂದೆ ಕಂಚಿನ ಬೋಗುಣಿಯಲ್ಲಿ ಊದುಬತ್ತಿಯ ಬೂದಿ ರಾಶಿಬಿದ್ದಿತ್ತು. ಹುಟ್ಟಿದಂದಿನಿಂದ ವಿಭೂತಿ ಧರಿಸಿದವರಿಗೆ ದೇವರ ಮುಂದಿನ ಬೂದಿ ಬೇರೇನಾಗಿ ಕಂಡೀತು? ಕಾಕು ಮೂರು ಬೆರಳು ಅದ್ದಿ ಗಂಡನ ಹಣೆಗೆ ಎಳೆದಳು, ಗಂಟಲಿಗೂ ಸವರಿದಳು. ನಗಾರಿ ನಿಂತಿತು. ಭಿಕ್ಷು ಬಳಿಗೆ ಬಂದು ಸಿಟ್ಟಿಲ್ಲದೆ ಹಿಂದಿಯಲ್ಲಿ ಹೇಳಿದ: ಇದು ಸತ್ತವರ ಹೆಸರಿನಲ್ಲಿ ಹಚ್ಚಿದ ಬತ್ತಿಗಳ ಬೂದಿ, ತಾಯಿ, ಬದುಕಿದವರಿಗೆ ಹಚ್ಚುವುದಲ್ಲ.

"ಏನಂತಾನಪಾ?" ಕಾಕು ನನ್ನ ಮುಖ ನೋಡಿದಳು.

"ಹಚ್ಚರಿ, ಛಲೋ ಆಗ್ತದ ಅಂತಾನ."

ಅವಳು ಒಂದು ಗಳಿಗೆ ಭಿಕ್ಷುವಿನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಡಬ್ಬಿಗೆ ಬೂದಿ ತುಂಬಿಕೊಂಡಳು. ಆ ಗಳಿಗೆ ನಿಜವಾಗಿ ಇತ್ತೋ, ಅನಂತರ ನಾನೇ ಸೇರಿಸಿಕೊಂಡೆನೋ, ಆಣೆ ಮಾಡಲಾರೆ.

ಕಾಕಾ ದೀಪಾವಳಿ ಕಾಣಲಿಲ್ಲ. ಕುಣಿಯಲ್ಲಿ ಕೂರಿಸಿದಾಗಲೂ ಅವನ ಹಣೆಯ ಮೇಲೆ ಅದೇ ಬೂದಿಯಿತ್ತು. ಮೂರನೆಯ ದಿನ ಕಾಕು ಡಬ್ಬಿಯನ್ನು ನನ್ನ ಕೈಗಿಟ್ಟಳು.

"ನಾ ಅಣ್ಣಿಗೇರಿ ಹುಡುಗಿ, ತಮ್ಮಾ. ಬಾಜು ಮನಿ ಹಸೀನಾನ ಜೋಡಿ ಅವರ ಉರ್ದು ಮಾತಿನಾಗ ಜಗಳಾಡಿ ಬೆಳದಾಕಿ. ಆ ಸ್ವಾಮಿ ಅಂದದ್ದು ನನಗ ಅಗದಿ ತಿಳದಿತ್ತು. ನೀ ಅಲ್ಲೆ ಸುಳ್ಳ ಹೇಳಿದಿ, ಅಂದ್ರ ದವಾಖಾನ್ಯಾಗೂ ಸುಳ್ಳ ಹೇಳೀದಿ ಅಂತ ಗೊತ್ತಾತು."

"ಗೊತ್ತಿದ್ದೂ ದಿನಾ ಯಾಕ ಹಚ್ಚಿದಿ, ಕಾಕು?"

"ದಿನಾ ತಂಬಾಕ ಬೇಡತಿದ್ರು. ಸಣ್ಣ ಹುಡುಗರಂಗ ಕೈ ಚಾಚತಿದ್ರು. ಕೊಟ್ಟಿದ್ರ ತಾವು ಇನ್ನ ಉಳಿಯೂದಿಲ್ಲಂತ ಅವರಿಗೆ ತಿಳೀತಿತ್ತು. ಅದಕ್ಕ ಡಬ್ಬಿ ತಗದು ಬೂದಿ ಹಚ್ಚಿದೆ."

ತಂಬಾಕು ಬೇಡಿದರೆ ಕೊಡಿರೆಂದು ಡಾಕ್ಟರು ಹೇಳಿದ್ದನ್ನು ಅವಳಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಇಷ್ಟು ಬರೆದು ಮುಚ್ಚಳ ತೆಗೆದಿದ್ದೇನೆ. ತಳದಲ್ಲಿ ಚಿಟಿಕೆ ಬೂದಿ. ಮೂಗಿಗೆ ಹಿಡಿದರೆ ಬರುವುದು ಊದುಬತ್ತಿಯ ವಾಸನೆಯಲ್ಲ, ತಂಬಾಕಿನದು. ಇಷ್ಟು ವರುಷ ಅದು ಉಳಿದಿರಲಾರದು, ನೆನಪಿನ ಕೈವಾಡವೇ ಇರಬೇಕು. ಆದರೆ ಇದೊಂದರಲ್ಲಿ ಅದನ್ನು ಸುಳ್ಳೆನ್ನಲು ನನಗೆ ಬಾಯಿಲ್ಲ.