ದೊಡ್ಡಪ್ಪ ತಂದ ಪುಡಿ

ಹೊಣಕೆರೆ ಕಡೆಯ ನಾಟಿ ವೈದ್ಯರ ಪುಡಿಯನ್ನು ನಾನು ಕುಡಿದದ್ದು ನಂಬಿಕೆಯಿಂದಲ್ಲ, ದೊಡ್ಡಪ್ಪನ ಕಾಟಕ್ಕೆ. ಅಶ್ವಗಂಧ, ನೆಗ್ಗಿಲು, ನಸುಗುನ್ನಿ ಬೀಜ ಕುಟ್ಟಿದ್ದಂತೆ. ಡೈರಿಗೆ ಹಾಲು ಹೋಗುವ ಮುಂಚೆ ಒಂದು ಲೋಟ ನೊರೆಹಾಲು ಎತ್ತಿಟ್ಟು, ಅದಕ್ಕೆ ಪುಡಿ ಕದಡಬೇಕು. ಲೋಟ ಖಾಲಿಯಾಗುವವರೆಗೂ ದೊಡ್ಡಪ್ಪ ಜಗಲಿಯ ಮೇಲೆ ಕಾವಲು ಕೂತಿರುತ್ತಿದ್ದರು.

ಮದುವೆಗೆ ಮುಂಚೆ ನನಗೆ ಕ್ಯಾನ್ಸರ್ ಬಂದಿತ್ತು. ದೊಡ್ಡಪ್ಪನೇ ಜೊತೆಗಿದ್ದು ಮೈಸೂರಿನಲ್ಲಿ ಕೀಮೋ ಕೊಡಿಸಿದರು, ಬದುಕಿದೆ. ಮಕ್ಕಳಾಗಲಿಲ್ಲ. ನನ್ನಲ್ಲಿ ವೀರ್ಯಾಣುವೇ ಇಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾದರೂ ಆ ಸುದ್ದಿ ಮನೆಯ ಹೊಸ್ತಿಲು ದಾಟಲಿಲ್ಲ. ಊರಿನವರ ಬಾಯಲ್ಲಿ ಬಂಜೆ ಆದವಳು ನನ್ನ ಹೆಂಡತಿ.

ಹೋದ ಸಲ ತಪಾಸಣೆಗೆ ಹೋದಾಗ ಪುಡಿಯ ಡಬ್ಬವನ್ನೂ ಒಯ್ದೆ. ಡಾಕ್ಟರಮ್ಮ ಮೂಸಿ ಬದಿಗಿಟ್ಟರು. ಕೀಮೋದ ಪೆಟ್ಟನ್ನು ಈ ಪುಡಿ ಸರಿಮಾಡುತ್ತದೆ ಎನ್ನಲು ಆಧಾರವಿಲ್ಲ, ಇದರಲ್ಲಿ ಇನ್ನೇನು ಬೆರೆಸಿದ್ದಾರೋ ಗೊತ್ತಿಲ್ಲ, ನಿಲ್ಲಿಸಿ ಎಂದರು. ಆಮೇಲೆ ಸಹಜವಾಗಿಯೇ ಕೇಳಿದರು: ನೀವು ಜ್ವರದಲ್ಲಿ ಬಿದ್ದಿದ್ದಾಗ, ಮುಂದೆ ಮಕ್ಕಳು ಬೇಕಾದಾಗ ಆಗುತ್ತದೆ, ಕೀಮೋಗೆ ಮುಂಚೆ ವೀರ್ಯ ತೆಗೆದಿಡೋಣ ಎಂದು ನಿಮ್ಮ ದೊಡ್ಡಪ್ಪನಿಗೆ ಹೇಳಿದ್ದೆನಲ್ಲ, ಯಾಕೆ ಬೇಡವೆಂದಿರಿ?

ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ. ಬಸ್ಸು ಶ್ರೀರಂಗಪಟ್ಟಣ ದಾಟಿದರೂ ಕಚ್ಚಿದ ಹಲ್ಲು ಬಿಟ್ಟಿರಲಿಲ್ಲ. ಕ್ಯಾತನಹಳ್ಳಿಯಲ್ಲಿ ಇಳಿದು ನೇರ ಕಬ್ಬಿನ ಗದ್ದೆಗೆ ಹೋದೆ. ನೀರು ಕಟ್ಟುತ್ತಿದ್ದ ದೊಡ್ಡಪ್ಪ ಮುಚ್ಚಿಡಲೂ ಇಲ್ಲ, ಮಹಾನುಭಾವರು.

"ಮದ್ವೆ ಆಗ್ದಿರೋ ಹೈದನ್ನ ಬಾಟ್ಲು ಕೊಟ್ಟು ರೂಮ್‌ಗೆ ಕಳ್ಸಿ ಅಂದ್ರು ಕಣ್ಲಾ. ಮಾನ ಮರ್ವಾದೆ ಬ್ಯಾಡ್ವಾ?"

ಇವರ ನಾಚಿಕೆಗೆ ನನಗೆ ಹುಟ್ಟಬೇಕಿದ್ದ ಮಕ್ಕಳು ಹೋದರು. ಮೈ ಉರಿಯಿತು. ನಿಜವನ್ನಾದರೂ ಊರಿಗೆ ಹೇಳಿ, ಹೆಂಡತಿಯ ಮೇಲಿನ ಮಾತು ತಪ್ಪಲಿ ಎಂದೆ.

"ಗಂಡುಸ್ನ ಮಾನ ಬೀದಿಗಾಕ್ಬಾರ್ದು. ಎಣ್ಣಿನ ಮ್ಯಾಲಿದ್ರೆ ಇರ್ಲಿ ಬುಡು."

ಡಬ್ಬವನ್ನು ಕಾಲುವೆಗೆ ಎಸೆದು ಬಂದೆ.

ಮುಂದಿನ ವಾರ ಕಿಕ್ಕೇರಿಯಲ್ಲಿ ದೊಡ್ಡಪ್ಪನ ಮಗಳ ಸೀಮಂತ. ಬೆಳಗಿನಿಂದ ಒಲೆಯ ಮುಂದೆ ಬೆಂದವಳು ನನ್ನ ಹೆಂಡತಿ. ಬಸುರಿಗೆ ಅರಿಶಿನ ಕುಂಕುಮ ಹಚ್ಚಲು ಅವಳು ಸಾಲಿನಲ್ಲಿ ನಿಂತಾಗ, ಅಜ್ಜಿಯೊಬ್ಬರು ತಟ್ಟೆಯನ್ನು ಹಿಂದಕ್ಕೆಳೆದು, ನೀನು ಆಮೇಲೆ ಹಚ್ಚುವೆಯಂತೆ ಎಂದರು. ಮಕ್ಕಳಿಲ್ಲದವರ ಕೈ ಮೊದಲು ತಾಕಬಾರದಂತೆ. ತಲೆತಗ್ಗಿಸಿ ಪಕ್ಕಕ್ಕೆ ಸರಿದಳು. ನನಗೆ ತಡೆಯಲಾಗಲಿಲ್ಲ.

"ಕೊರತೆ ಇರೋದು ನಂಗೆ, ಇವ್ಳಿಗಲ್ಲ. ಡಾಕ್ಟ್ರು ಏಳಿದ್ ದಾರಿನ ಮುಚ್ಚಿದ್ದು ನಮ್ ದೊಡ್ಡಪ್ಪ."

ದೊಡ್ಡಪ್ಪ ಟವೆಲ್ಲು ಕೊಡವಿ ಹೊರಗೆ ಹೋದರು. ಆ ಅಜ್ಜಿಯೇ ಅವಸರದಲ್ಲಿ ಬಂದು ತಟ್ಟೆಯನ್ನು ನನ್ನ ಹೆಂಡತಿಯ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ.

"ಕೊರತೆ ಇವ್ರದು ಅಂತ ಗೊತ್ತಾದ್ ಮ್ಯಾಕೆ ನನ್ ಕೈ ಚೊಕ್ಕ ಆಗೋಯ್ತಾ, ಅಜ್ಜಿ?"

ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಅವಳ ಹಿಂದೆ ಹೋದೆ.